ಹಿಂದಿನ ದಾರಿಗೆ ಜಲ್ಲಿ

ಸೆಪ್ಟೆಂಬರ್ 6, ಶನಿವಾರ

ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ, ಈ ದಿನ ಬೆಳಗಿನ ಶುಭವೇಳೆಯಲ್ಲಿ, ನ್ಯೂಜೆರ್ಸಿಯ ಹಿಲ್ಸ್‌ಬರೋದ ನಮ್ಮ ಹಿತ್ತಲಿಗೆ ಟ್ರ್ಯಾಕ್ಟರ್ ಒಂದು ಚಿತ್ತೈಸಿತು. ಕಿತ್ತಳೆ ಬಣ್ಣ. ಗಾತ್ರದಲ್ಲಿ ಮರಿಯಾನೆ. ಮುಂದೆ ಬಕೆಟ್ಟು, ಹಿಂದೆ ಬ್ಲೇಡು, ಮೇಲೆ ನಕುಲ್. ನನ್ನ ಗಂಡ — ಸದ್ಯಕ್ಕೆ.

ಟ್ರ್ಯಾಕ್ಟರ್ ಟೋನಿಯವರದು. ಮಂಗಳೂರಿನವರು, ಎಡಿಸನ್‌ನಲ್ಲಿ ಹಲ್ಲಿನ ಡಾಕ್ಟರು. ಗುಂಡಿ ತೋಡಿ ತುಂಬುವುದು ಕೈಗೆ ಹತ್ತಿದ ವಿದ್ಯೆ.

ಯೋಜನೆ ಹೀಗೆ. ನಮ್ಮದು ಕಾರ್ನರ್ ಲಾಟ್, ಎರಡು ಕಡೆ ರಸ್ತೆ. ಮುಂದಿನ ಡ್ರೈವ್‌ವೇ ಅಡುಗೆಮನೆ ಕಿಟಕಿಯ ಪಕ್ಕದಲ್ಲೇ ಹಾದು ಗ್ಯಾರೇಜಿಗೆ ಹೋಗುತ್ತದೆ. ಹಿತ್ತಲಲ್ಲಿ ಹಳೇ ಓನರ್ ಕಟ್ಟಿಸಿದ ಒಂದು ಕೋಣೆಯ ಕಾಟೇಜ್. ಪಕ್ಕದ ರಸ್ತೆಯಿಂದ ಅಲ್ಲಿಗೆ ಜಲ್ಲಿಯ ದಾರಿ ಮಾಡಿಕೊಂಡು ನಕುಲ್ ಬೇರೆ ಇರುತ್ತಾನೆ. ನನ್ನ ಕಣ್ಣಿಗೆ ಬೀಳದೆ ಬಂದುಹೋಗಬಹುದು. ಬಾಸ್ಟನ್‌ನಲ್ಲಿ ಓದುತ್ತಿರುವ ಮಗಳು ದಿಯಾಳ ಗ್ರಾಜುಯೇಷನ್ ಆಗುವವರೆಗೆ ಯಾರಿಗೂ ಹೇಳುವಂತಿಲ್ಲ. ಆಮೇಲೆ ಲಾಯರು. ಇಷ್ಟನ್ನೂ ಇಬ್ಬರೂ ಎದುರುಬದುರು ಕೂತು, ಬಹಳ ಸಭ್ಯವಾಗಿ ಒಪ್ಪಿಕೊಂಡದ್ದು. ನಡುವೆ ನಾನೇ ಚಕ್ಕುಲಿ ಇಟ್ಟೆ.

ದಾರಿ ಆಗುವವರೆಗೆ ಅವನು ಇಲ್ಲೇ, ಮೇಲಿನ ರೂಮಿನಲ್ಲಿ. ದಾರಿ ಆಗದಿರಲಿ ಅಂತ ನನಗೆ. ಬರೆದೂಬಿಟ್ಟೆ.

ಸೆಪ್ಟೆಂಬರ್ 7

ಸೋರುವ ನಲ್ಲಿ ಸರಿಮಾಡಲು ಆರು ವರ್ಷ ತೆಗೆದುಕೊಂಡ ಮಹಾಪುರುಷ ಇವತ್ತು ಒಂದೇ ದಿನದಲ್ಲಿ ಹುಲ್ಲು ಕೆರೆದು, ಒಂದು ಲಾರಿ ಜಲ್ಲಿ ಇಳಿಸಿಕೊಂಡು, ಅರ್ಧ ಹರಡಿಯೂ ಬಿಟ್ಟ. ಟೋನಿ ತಲೆ ಚಚ್ಚಿಕೊಂಡರು.

"ಮೇಲಿನ ಮೆತ್ತನೆ ಮಣ್ಣು ತೆಗೀದೆ ಹಾಕಿದ್ರೆ ಜಲ್ಲಿ ಒಳಗೆ ಹೋಗ್ತದೆ ಮಾರಾಯ. ಮಣ್ಣು ತೆಗಿ, ಕೆಸರು ಮೇಲೆ ಬರದ ಹಾಗೆ ಬಟ್ಟೆ ಹಾಸು, ಆಮೇಲೆ ಜಲ್ಲಿ. ಎಂತ ಅರ್ಜೆಂಟ್ ನಿಂಗೆ?"

ಎಂತ ಅರ್ಜೆಂಟ್ ಎಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ಗುಟ್ಟು ಗುಟ್ಟಾಗಿಯೇ ಇದೆ. ಅದೇ ತೊಂದರೆ. ಈ ಕಡೆಯ ಕನ್ನಡದವರಿಗೆಲ್ಲ ಹಿರಿಯಕ್ಕನಾದ ವಿಜಿ ಆಂಟಿ, ಕಾಟೇಜು ನನ್ನ ಅಮ್ಮ ಬಂದರೆ ಇರಲಿಕ್ಕೆ ಎಂದು ತಾವೇ ತೀರ್ಮಾನಿಸಿ, ಊರಿಗೆಲ್ಲ ವಾಟ್ಸಾಪ್ ಮಾಡಿದ್ದಾರೆ. ಪರಿಣಾಮ: ಬೆಳಗ್ಗೆ ಒಂದು ದಂಡೇ ಇಳಿಯಿತು. ಕೈಯಲ್ಲಿ ಗುದ್ದಲಿ, ರೇಕು, ಪಲಾವಿನ ಟ್ರೇ. ಗಂಡ ಮನೆ ಬಿಟ್ಟುಹೋಗುವ ದಾರಿಗೆ ಶ್ರಮದಾನ ಮಾಡಿಸಿಕೊಂಡ ಹೆಂಗಸು ಇತಿಹಾಸದಲ್ಲಿ ನಾನೊಬ್ಬಳೇ ಇರಬೇಕು. ಎಲ್ಲರಿಗೂ ಕಾಫಿ ಕೊಟ್ಟೆ. ಇನ್ನೊಂದು ರೌಂಡ್ ಕೇಳಿದರು. ಕೊಟ್ಟೆ.

ವಿಜಿ ಆಂಟಿ ನನ್ನ ಗಲ್ಲ ಹಿಡಿದರು. "ನೋಡು ಮಾಳವಿಕಾ, ಹೆಂಡ್ತಿಗೋಸ್ಕರ ಇಷ್ಟು ಬೆವರು ಸುರಿಸೋ ಗಂಡ ಯಾರಿಗಮ್ಮ ಸಿಗ್ತಾನೆ?"

ನಿಜ ಆಂಟಿ, ನನಗೋಸ್ಕರವೇ, ಅಂದೆ.

ಅಕ್ಟೋಬರ್ 4, ಶನಿವಾರ

ಆಯುಧಪೂಜೆ ಬುಧವಾರವೇ ಆಗಿಹೋಯಿತು. ನ್ಯೂಜೆರ್ಸಿಯಲ್ಲಿ ದೇವರೂ ವೀಕೆಂಡಿಗೆ ಕಾಯುತ್ತಾನೆ. ಟ್ರ್ಯಾಕ್ಟರಿಗೆ ಚೆಂಡುಹೂವು, ಟೈರಿನ ಕೆಳಗೆ ನಿಂಬೆಹಣ್ಣು. ಕಾಯಿ ಒಡೆದವರು ಟೋನಿ. ನಾಳೆ ಚರ್ಚಿಗೆ ಹೋಗಿ ಅಲ್ಲೂ ಹೇಳಿಕೊಳ್ಳುತ್ತಾರಂತೆ. ಆರತಿಗೆ ದಂಪತಿಗಳೇ ಬೇಕು ಅಂದರು ಆಂಟಿ. ಒಂದೇ ತಟ್ಟೆ, ನಾಲ್ಕು ಕೈ. ಬೆರಳಿಗೆ ಬೆರಳು ತಗುಲದಂತೆ ಆರತಿ ಎತ್ತುವುದೂ ಒಂದು ಕಲೆ.

ಅಲ್ಲಿಗೆ ಮುಗಿಯಲಿಲ್ಲ. ಹೊಸ ದಾರಿಯಲ್ಲಿ ಮೊದಲ ಸವಾರಿಯನ್ನೂ ಜೋಡಿಯಾಗಿ ಮಾಡಬೇಕಂತೆ. ಕಾರು ಹತ್ತಿದೆವು. ಎಲ್ಲರೂ ಚಪ್ಪಾಳೆ. ತಿರುವಿನ ಹತ್ತಿರ ಕಾರು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಕೆಳಗಿಳಿಯಿತು. ವಾರದ ಮಳೆಗೆ ಜಲ್ಲಿ ಕೆಸರಿನೊಳಗೆ, ಚಕ್ರ ಜಲ್ಲಿಯೊಳಗೆ. ಟೋನಿ ಟ್ರ್ಯಾಕ್ಟರಿನ ಹೂವು ಬಿಚ್ಚಿ ಸರಪಳಿ ಹುಡುಕಲು ಹೋದರು. ಒಳಗೆ ನಾವಿಬ್ಬರೇ.

"ನಗ್ತಾ ಇರು. ವಿಡಿಯೋ ತೆಗೀತಿದ್ದಾರೆ," ಅಂದ ನಕುಲ್.

ನಗುತ್ತಲೇ ಕೇಳಿದೆ. "ಮುಂದಿನ ದಾರೀಲೇ ಓಡಾಡಿದ್ರೆ ನಿನಗೇನು ಕಷ್ಟ ಆಗ್ತಿತ್ತು?"

"ದಿನಾ ಕಿಟಕೀಲಿ ನಿಂತಿರ್ತೀಯ. ಎಷ್ಟೊತ್ತಿಗೆ ಬಂದೆ ಅಂತ ನೋಡೋಕೆ."

"ಎಷ್ಟೊತ್ತಿಗೆ ಬಂದೆ ಅಂತ ಅಲ್ಲ ಕಣೋ. ಬಂದೆಯಾ ಅಂತ."

ಅವನು ವೈಪರ್ ಆನ್ ಮಾಡಿದ. ಮಳೆ ಇರಲಿಲ್ಲ.

ಅಕ್ಟೋಬರ್ 5

ಬೆಳಗ್ಗೆ ನನ್ನ ಜೊತೆ ಕೂತು ಕಾಫಿ ಕುಡಿದ. ಸಕ್ಕರೆ ಸರಿಯಾಗಿದೆ ಅಂದ. ಇದೂ ಒಂದು ಸುದ್ದಿಯೇ? ಈ ಮನೆಯಲ್ಲಿ ಹೌದು. ಟ್ರ್ಯಾಕ್ಟರ್ ಸುಮ್ಮನೆ ನಿಂತಿದೆ. ಜಾಸ್ತಿ ಬರೆಯುವುದಿಲ್ಲ, ದೃಷ್ಟಿಯಾದೀತು.

ಅಕ್ಟೋಬರ್ 18, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ನಂಬಿಕೊಂಡವರು ಡೈರಿ ಬರೆಯುವುದಿಲ್ಲ.

ಬೆಳಗ್ಗೆ ಎಂಜಿನ್ ಸದ್ದಿಗೆ ಎಚ್ಚರ. ಹಾಕಿದ ಜಲ್ಲಿಯನ್ನೆಲ್ಲ ಬಕೆಟ್ಟಿನಲ್ಲಿ ಬಾಚಿ ತೆಗೆದಿದ್ದಾನೆ. ಕರಿ ಮಣ್ಣು ತೆಗೆದ, ಗಟ್ಟಿ ನೆಲ ಸಿಗುವವರೆಗೆ. ಬಟ್ಟೆ ಹಾಸಿದ. ದಪ್ಪ ಕಲ್ಲು ಕೆಳಗೆ, ಸಣ್ಣ ಜಲ್ಲಿ ಮೇಲೆ. ನೀರು ಎರಡೂ ಬದಿಗೆ ಹರಿಯಲೆಂದು ನಡು ಸ್ವಲ್ಪ ಎತ್ತರ. ಬ್ಲೇಡನ್ನು ಅಷ್ಟು ಮೃದುವಾಗಿ ಎಳೆದ — ಹೋಳಿಗೆ ಲಟ್ಟಿಸುವವರ ಹಾಗೆ. ಎಲ್ಲೂ ಅವಸರವಿಲ್ಲ.

ಮೊದಲ ಸಲದ್ದು ಸಿಟ್ಟಿನಲ್ಲಿ ಮಾಡಿದ್ದು. ಇದು ಯೋಚನೆ ಮಾಡಿ ಮಾಡಿದ್ದು. ಕಾರಿನಲ್ಲಿ ಕೇಳಿದ್ದಕ್ಕೆ ಇದು ಉತ್ತರ.

"ಇನ್ನು ಲಾರಿ ಹೋದ್ರೂ ಎಂತ ಆಗುದಿಲ್ಲ, ಮಾಳವಿಕಾ," ಅಂದರು ಟೋನಿ, ಪಾಪ, ನನಗೆ ಖುಷಿಯಾಗಲೆಂದು. ಹೌದು ಅಂದೆ. ಕಾಫಿ ಕೊಟ್ಟೆ.

ಅಕ್ಟೋಬರ್ 26

ಹೋದ. ಚಿಕ್ಕ ಕುಕ್ಕರ್ ತೆಗೆದುಕೊಂಡು ಹೋದ, ಕೇಳಿಯೇ.

ಡಾಂಬರಿಗೆ ಸದ್ದಿಲ್ಲ, ಜಲ್ಲಿಗೆ ಇದೆ. ಈ ಸಂಗತಿ ದಾರಿ ಮಾಡಿದವನಿಗೆ ಹೊಳೆದಿಲ್ಲ. ಅವನ ಕಾರು ಒಳಗೆ ತಿರುಗಿದ ಕೂಡಲೇ ಇಡೀ ಮನೆಗೆ ಕೇಳುತ್ತದೆ, ಯಾರೋ ಹುರಿಗಡಲೆ ಜಗಿದ ಹಾಗೆ. ಕಿಟಕಿಗೆ ಹೋಗಬೇಕಾಗಿಯೇ ಇಲ್ಲ. ಒಲೆ ಕಡೆ ಮುಖ ಮಾಡಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರೂ ತಿಳಿಯುತ್ತದೆ. ಬಂದ.

ನವೆಂಬರ್ 8, ಶನಿವಾರ

ಬುಧವಾರದಿಂದ ಸದ್ದಿಲ್ಲ. ಫೋನ್ ಮಾಡಿ ಕೇಳುವಂತಿಲ್ಲ. ಆ ಹಕ್ಕನ್ನು ಚಕ್ಕುಲಿಯ ಜೊತೆ ಸಭ್ಯವಾಗಿ ಬಿಟ್ಟುಕೊಟ್ಟಾಗಿದೆ. ದಿಯಾಗೆ ಮೆಸೇಜ್ ಮಾಡಿದೆ, ಅಪ್ಪ ಏನಾದರೂ ಹೇಳಿದರಾ ಅಂತ. "He's fine, Amma. Why don't you just ask him? You live together." ಅಂತ ಬಂತು.

ಇದನ್ನು ಯಾರೂ ಓದುವುದಿಲ್ಲ, ಓದಲೂಬಾರದು. ಹಾಗಿದ್ದೂ ಯಾರ ಕಣ್ಣಿಗಾದರೂ ಬಿದ್ದರೆ ಒಂದು ಉಪಕಾರ. ಜಲ್ಲಿ ಸಿಡಿದು ಲಾನ್ ಮೇಲೆಲ್ಲ ಬಿದ್ದಿದೆ. ಚಳಿಗಾಲಕ್ಕೆ ಮುಂಚೆ ಕೊನೇ ಸಲ ಹುಲ್ಲು ಕತ್ತರಿಸುವ ಮೊದಲು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿಬಿಡಿ. ಮೊವರ್‌ಗೆ ಸಿಕ್ಕರೆ ಯಾರ ಕಣ್ಣಿಗಾದರೂ ಹಾರೀತು. ಈ ಕಡೆಯದನ್ನು ನಾನೇ ಆರಿಸಿದ್ದೇನೆ. ನೀವು ಕಾಟೇಜಿನ ಕಡೆಯಿಂದ ಶುರುಮಾಡಿ. ಅಲ್ಲಿಗೆ ನಾನು — ತಡೀರಿ, ಜಲ್ಲಿ ಸದ್ದಾಯಿತು.