ಮೇಜಿನ ಆಚೆ ಕೂತ ಮಗಳು

ಮಾನ್ಯ ನ್ಯಾಯಾಧೀಶರೇ,

ನನ್ನ ಮಗಳನ್ನು ನಾನು ಮುಟ್ಟಕೂಡದೆಂದು ತಾವು ಆಜ್ಞೆ ಮಾಡಿದ್ದೀರಿ. ಆ ಆಜ್ಞೆಯ ಹೆಸರು ಮಧ್ಯಂತರ ಆಜ್ಞೆ. ಮಧ್ಯಂತರವೆಂದರೆ ನಾಲ್ಕು ದಿನದ ಮಾತು ಎಂದು ನಾನು ತಿಳಿದಿದ್ದೆ. ಯುಗಾದಿಗೆ ಶುರುವಾದ ಆ ನಾಲ್ಕು ದಿನ ದೀಪಾವಳಿ ದಾಟಿದರೂ ಮುಗಿದಿಲ್ಲ. ವಿಚಾರಣೆಯಲ್ಲಿರುವ ವ್ಯಾಜ್ಯವನ್ನು ಪತ್ರಿಕೆಗೆ ಬರೆದರೆ ಅಪರಾಧವಾದೀತೆಂದು ನಮ್ಮ ವಕೀಲರು ಹೆದರಿಸಿದ್ದಾರೆ. ಆಗಲಿ ಬಿಡಿ. ತಮ್ಮ ಮುಂದೆ ನಾನು ಬಾಯಿ ತೆರೆದಾಗಲೆಲ್ಲ, ವಕೀಲರು ಮಾತಾಡುತ್ತಾರೆ, ನೀವು ಕೂತುಕೊಳ್ಳಿ ಎಂದಿರಿ. ವಕೀಲರು ಎದ್ದು ನಿಂತು ವಾಯಿದೆ ಕೇಳಿದರು. ಇನ್ನು ನಾನು ಎಲ್ಲಿ ಮಾತಾಡಬೇಕು?

ನಾನು ಆವರಗೆರೆಯ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ನನ್ನ ಪತಿ ತಿಪ್ಪೇರುದ್ರಪ್ಪನವರಿಗೆ ಹರಿಹರದಲ್ಲಿ ಕೆಲಸ. ಹೆಂಡತಿ ದಿನಾ ಬಸ್ಸು ಹತ್ತಿ ಇನ್ನೊಂದೂರಿಗೆ ನೌಕರಿಗೆ ಹೋಗುವುದು ಅವರಿಗೆ ಸರಿಬರಲಿಲ್ಲ. ನೌಕರಿ ಬಿಡು, ಇಲ್ಲ ಮನೆ ಬಿಡು ಎಂದರು. ನಾನು ಎರಡನ್ನೂ ಬಿಡಲಿಲ್ಲ. ಒಂದು ಸಂಜೆ ಶಾಲೆಯಿಂದ ಬರುವಷ್ಟರಲ್ಲಿ ಒಳಗಿನಿಂದ ಅಗುಳಿ ಬಿದ್ದಿತ್ತು. ಒಳಗೆ ಮಗಳು ನಾಗವೇಣಿ ಅಳುತ್ತಿದ್ದಳು. ಬಾಗಿಲು ಬಡಿದು ಬಡಿದು ನನ್ನ ಕೈ ಊದಿಕೊಂಡಿತೇ ಹೊರತು ಬಾಗಿಲು ತೆರೆಯಲಿಲ್ಲ. ಕೊನೆಗೆ ತಮ್ಮಲ್ಲಿಗೆ ಬಂದೆ. ಮೊಕದ್ದಮೆ ತೀರುವವರೆಗೆ ಮಗು ಈಗ ಎಲ್ಲಿದೆಯೋ ಅಲ್ಲಿಯೇ ಇರಲಿ ಎಂದಿರಿ. ಅಗುಳಿ ಹಾಕಿಕೊಂಡವರ ಪಾಲಿಗೆ ಮಗು, ಹೊರಗೆ ನಿಂತವಳ ಪಾಲಿಗೆ ತಿಂಗಳಿಗೊಂದು ತಾಸಿನ ಭೇಟಿ. ಎಂಥ ಸಮಪಾಲು!

ಅದನ್ನೂ ಕಣ್ಣಿಗೊತ್ತಿಕೊಂಡೆ. ಹರಿಹರದ ಒಂದು ಸರ್ಕಾರಿ ಕಚೇರಿಯ ಪಡಸಾಲೆ. ಕಾವಲಿಗೆ ಜವಾನ ಮಸ್ತಾನಸಾಬರು. ಮೊದಮೊದಲು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದೆ, ಸೆರಗಿನಲ್ಲಿ ಕಟ್ಟಿಕೊಂಡು ಹೋದ ಮಂಡಕ್ಕಿ ತಿನ್ನಿಸುತ್ತಿದ್ದೆ. ಒಂದು ಸಲ ನಮ್ಮವ್ವ ಹಂಪವ್ವ ಮೊಮ್ಮಗಳನ್ನು ನೋಡಬೇಕೆಂದು ಜೊತೆಗೆ ಬಂದಳು. ಅಲ್ಲೇ ಎಡವಟ್ಟಾಯಿತು. "ಅಯ್ಯೋ ನನ್ ಕೂಸೆ, ಹೆಂಗ್ ಸೊರಗೈತೆ ನೋಡು, ಯಾರ ಕಣ್ಣು ತಾಗೈತೋ" ಎಂದವಳೇ ಮಡಿಲಿಂದ ಉಪ್ಪು, ಒಣಮೆಣಸಿನಕಾಯಿ ತೆಗೆದು ಮಗುವಿಗೆ ನಿವಾಳಿಸಿ, ಥೂ ಥೂ ಎಂದು ಕಚೇರಿಯ ಅಂಗಳಕ್ಕೆ ಎಸೆದುಬಿಟ್ಟಳು. ಮುಂದಿನ ವಾಯಿದೆಗೆ ಎದುರು ಪಕ್ಷದವರ ಪ್ರಮಾಣಪತ್ರ ಬಂತು: ಅಪ್ರಾಪ್ತ ಬಾಲಕಿಯ ಮೇಲೆ ಸರ್ಕಾರಿ ಆವರಣದಲ್ಲಿ ಮಾಟ ನಡೆದಿದೆ, ತಿಂಡಿಯಲ್ಲಿ ಮದ್ದು ಹಾಕುವ ಸಂಭವವೂ ಇದೆ! ಅಮಾವಾಸ್ಯೆ ತಪ್ಪದೆ ಇದೇ ಮಗುವಿಗೆ ಇದೇ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದ ನಮ್ಮ ಅತ್ತೆ ಓಬಕ್ಕನವರೇ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದರು.

ತಾವು ನಂಬಿದಿರಿ. ಅಜ್ಜಿ ಬರಕೂಡದು, ತಾಯಿ ಮೇಜಿನ ಈಚೆ, ಮಗು ಆಚೆ, ಮುಟ್ಟಕೂಡದು, ತಿನ್ನಲು ಕೊಡಕೂಡದು ಎಂದು ಬರೆಸಿದಿರಿ. ಆ ಆಜ್ಞೆ ಕೈಗೆ ತೆಗೆದುಕೊಂಡು ಹೊರಬರುವಾಗ ತಮ್ಮ ಕಚೇರಿಯ ಬಾಗಿಲ ಮೇಲೆ ನೋಡಿದೆ. ದಾರದಲ್ಲಿ ಪೋಣಿಸಿದ ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗುತ್ತಿದ್ದವು. ಅದು ಯಾವ ಕಲಮಿನ ಪ್ರಕಾರ, ಸ್ವಾಮಿ? ಅಷ್ಟೇ ಅಲ್ಲ. ಸರ್ಕಾರ ಕಳಿಸುವ ಹಾಲಿನ ಪುಡಿಯನ್ನು ನಾನೇ ಕದಡಿ, ಶಾಲೆಯ ಮಕ್ಕಳಿಗೆಲ್ಲ ದಿನಾ ಈ ಕೈಯಿಂದಲೇ ಕುಡಿಸುತ್ತೇನೆ. ಊರ ಮಕ್ಕಳಿಗೆ ಅಮೃತವಾದ ಕೈ ಹೆತ್ತ ಮಗುವಿಗೆ ಮಾತ್ರ ವಿಷವಾಯಿತೇ?

ನನಗೆ ನಿದ್ದೆ ಕೆಡಿಸಿರುವುದು ಬೇರೊಂದು ಸಂಗತಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು ಎಂದು ದಿಲ್ಲಿಯವರು ಮೊನ್ನೆ ಮೊನ್ನೆ ಕಾನೂನು ಮಾಡಿದ್ದಾರೆ. ನಾಗವೇಣಿಗೆ ಬರುವ ಮಾಘದಲ್ಲಿ ಐದು ತುಂಬುತ್ತದೆ. ತಾವು ಕೊಟ್ಟಿರುವ ಮುಂದಿನ ವಾಯಿದೆ ಶಿವರಾತ್ರಿಯ ನಂತರದ್ದು. ಅಂದರೆ ಯಾರೂ ನನ್ನ ಅರ್ಜಿಯನ್ನು ವಜಾ ಮಾಡಬೇಕಾಗಿಯೇ ಇಲ್ಲ. ಸುಮ್ಮನೆ ಮುಂದೂಡುತ್ತಾ ಹೋದರೆ ಸಾಕು, ನನ್ನ ಹಕ್ಕು ತಾನಾಗಿಯೇ ಸತ್ತುಹೋಗುತ್ತದೆ. ಇದು ತಮಗೆ ತಿಳಿಯದ್ದೇ?

ಹೋದ ಭೇಟಿಯಲ್ಲಿ ಮಗಳು ಓಡಿ ಬರುವಾಗ ಹೊಸ್ತಿಲು ಎಡವಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ನಾನು ಎದ್ದೆ. ಮಸ್ತಾನಸಾಬರು ಒಂದು ಹೆಜ್ಜೆ ಮುಂದೆ ಬಂದರು. "ಏನ್ ಮಾಡ್ಲಿ ಅಕ್ಕೋರೆ, ಹುಕುಂ ಐತೆ" ಎಂದು ಹೇಳಿ, ಆಮೇಲೆ ಪಾಪ, ಮುಖ ತಿರುಗಿಸಿ ಬೀದಿ ನೋಡುತ್ತಾ ನಿಂತರು. ಎತ್ತಿಕೊಳ್ಳಲು ಕೈ ಚಾಚಿದೆ. ಮಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದಳು. ಮೂಗೆಳೆದುಕೊಳ್ಳುತ್ತಾ, "ಬ್ಯಾಡವ್ವಾ, ಮುಟ್ಟಬ್ಯಾಡ. ನೀ ಮುಟ್ಟಿದ್ರೆ ಸಾಹೇಬ್ರು ನಿನ್ನ ಹಿಡ್ಕಂಡು ಹೋಗ್ತಾರಂತೆ" ಎಂದಳು. ಇದನ್ನು ಯಾರು ಹೇಳಿಕೊಟ್ಟರೋ ನನಗೆ ಗೊತ್ತಿಲ್ಲ. ಆ ತಾಸೆಲ್ಲ ನಾವಿಬ್ಬರೂ ಎದುರುಬದುರು ಕೂತು ಅತ್ತೆವು.

ಮಾಘಕ್ಕೆ ಮೊದಲು ನನ್ನ ಅರ್ಜಿ ಕೇಳಿ ತೀರ್ಮಾನ ಕೊಡಿ. ಮಗಳು ನನ್ನವಳೆಂದೋ, ಅಲ್ಲವೆಂದೋ, ಏನಾದರೊಂದು ಹೇಳಿ. ಅದಕ್ಕೂ ತಮಗೆ ಬಿಡುವಿಲ್ಲದಿದ್ದರೆ ಮುಂದಿನ ಭೇಟಿಗೆ ತಾವೇ ಒಮ್ಮೆ ಹರಿಹರಕ್ಕೆ ಬನ್ನಿ. ನಿನ್ನ ಅವ್ವನನ್ನು ಯಾರೂ ಹಿಡಿದುಕೊಂಡು ಹೋಗುವುದಿಲ್ಲ ಎಂದು ಆ ಮಗುವಿಗೆ ತಮ್ಮ ಬಾಯಿಂದಲೇ ಹೇಳಿ. ನಾನು ಹೇಳಿ ನೋಡಿದೆ, ಅವಳು ನಂಬಲಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಬರೀ ಅರ್ಜಿದಾರಳು,
ಸದ್ಯದ ಮಟ್ಟಿಗೆ ಇನ್ನೂ ಅವ್ವ,
ಕಮಲಕ್ಕ
ಆವರಗೆರೆ, ದಾವಣಗೆರೆ