ಹದಿನಾಲ್ಕು ಮೆಟ್ಟಿಲ ಮೇಲಿನ ಹುಣಸೆ

ಫೆಬ್ರವರಿ 9, ಭಾನುವಾರ. ಮಧ್ಯಾಹ್ನ 2

ಇವತ್ತೂ ಬರಿಗೈ. ಬೆಳಿಗ್ಗೆ ಆರಕ್ಕೆ ಹೊರಟು ಹಳೇ ಇಟ್ಟಿಗೆ ಗೂಡುಗಳ ಹಿಂದಿನ ಬಯಲನ್ನೆಲ್ಲ ಜಾಲಾಡಿದೆ. ಹನ್ನೊಂದು ಹುಣಸೆ ಗಿಡ ಸಿಕ್ಕವು. ಆಡು ಮೇದು ಮೇದು ಮೊಣಕಾಲೆತ್ತರಕ್ಕೇ ನಿಂತವು, ಬೋನ್ಸಾಯ್‌ಗೆ ಹೇಳಿ ಮಾಡಿಸಿದಂಥವು. ಆದರೆ ಒಂದಕ್ಕೂ ಬುಡ ಇಲ್ಲ. ಎಲ್ಲ ಪೆನ್ಸಿಲ್ ದಪ್ಪ. ನನಗೆ ಬೇಕಾದ್ದು ಮಣಿಕಟ್ಟಿಗಿಂತ ದಪ್ಪ, ಎಡಕ್ಕೆ ವಾಲಿದ್ದು, ಕೆಳಗಿನ ಕೊಂಬೆಯ ಹತ್ತಿರ ಹಳೇ ಗಾಯದ ಗುಳಿ ಇರುವಂಥದ್ದು. ಫೋನಿನಲ್ಲಿ ನಾಲ್ಕು ಫೋಟೊ ಇಟ್ಟುಕೊಂಡು ಹುಡುಕುತ್ತಿದ್ದೇನೆ... ಎದುರಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ. ಎಕ್ಸ್‌ರೇ ತೆಗೆಯುವವಳ ಬುದ್ಧಿ ಎಲ್ಲಿಗೆ ಹೋಗುತ್ತದೆ.

ಫೋಟೊದಲ್ಲಿರುವುದು ಮಾವನ ಮರ. ಮೂವತ್ತೊಂದು ವರ್ಷ ತಟ್ಟೆಯಂಥ ಕುಂಡದಲ್ಲಿ ಬದುಕಿತ್ತು. ಅದನ್ನು ನಾನು ಕೊಂದೆ.

ಬರೆದೆ. ಇಲ್ಲಿಯಾದರೂ ಸುಳ್ಳು ಬೇಡ.

ಧೂಳು ಕಾಲಲ್ಲಿ ಒಳಗೆ ಬಂದಾಗ ಇವರು ಪೇಪರಿನಿಂದ ತಲೆ ಎತ್ತದೆ, ನನಗೆ ಹೆಣ್ಣು ಹುಡುಕುವಾಗಲೂ ಅಪ್ಪ ಇಷ್ಟು ಅಲೆದಿರಲಿಲ್ಲ ಅಂದರು. ಅದಕ್ಕೇ ಇಂಥ ಹೆಣ್ಣು ಸಿಕ್ಕಿದ್ದು ಅಂದೆ.

ಫೆಬ್ರವರಿ 11, ಮಂಗಳವಾರ

ಫಿಸಿಯೋ ಹುಡುಗಿ ಬಂದಿದ್ದಳು. ಹೋದ ಜೂನ್‌ನಲ್ಲಿ ಮಾವನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋದಾಗಿನಿಂದ ವಾರಕ್ಕೆ ಮೂರು ದಿನ ಬರುತ್ತಾಳೆ. ಈಗ ಕೋಲು ಹಿಡಿದು ಹಾಲ್ ತುಂಬ ಓಡಾಡುತ್ತಾರೆ. ಮರವಿದ್ದ ತಾರಸಿಗೆ ಹದಿನಾಲ್ಕು ಮೆಟ್ಟಿಲು. ಮಾವ ಮೂರು ಹತ್ತುತ್ತಾರೆ, ಸಾಕು ಅನ್ನುತ್ತಾರೆ, ಇಳಿಯುತ್ತಾರೆ. ಎರಡು ತಿಂಗಳಿಂದ ಇದೇ. ಕಾಲಿನಲ್ಲಿ ಶಕ್ತಿ ಇದೆ, ಮೇ ಹೊತ್ತಿಗೆ ಮೇಲೆ ಹತ್ತಿಸಿಯೇ ಹತ್ತಿಸುತ್ತೇನೆ ಎಂದು ಹುಡುಗಿ ಶಪಥ ಮಾಡಿ ಹೋದಳು. ಮೇಗೆ ಇನ್ನು ಮೂರೇ ತಿಂಗಳು.

ಮಾವ ಆಸ್ಪತ್ರೆಯಲ್ಲಿದ್ದ ಮೂರು ವಾರ ಮರಕ್ಕೆ ದಿನಕ್ಕೆರಡು ಸಲ ನೀರು ಹೊಯ್ದೆ. ಪ್ರೀತಿ ಜಾಸ್ತಿಯಾಗಿ. ಎಲೆ ಎಲ್ಲ ಉದುರಿತು. ಎಷ್ಟು ನೀರು ಹಾಕಲಿ ಎಂದು ಆಮೇಲೆ ದಿನಾ ಮಾವನನ್ನು ಕೇಳಿದೆ, ಅವರು ಬೆರಳಲ್ಲಿ ತೋರಿಸಿದಷ್ಟೇ ಹಾಕಿದೆ. ಒಂದು ದಿನ ಕೊಂಬೆ ಕೊಂಬೆಗೂ ಚಿಗುರು. ಕುಣಿದಾಡಿದೆ. ಬದುಕಿತಲ್ಲ ಎಂದು ಬಿಸಿಲಿಗೆ ಇಟ್ಟೆ, ಗೊಬ್ಬರ ಕೊಟ್ಟೆ. ಹತ್ತೇ ದಿನದಲ್ಲಿ ಕರ್ರಗೆ. ಕಿತ್ತು ನೋಡಿದರೆ ಬೇರುಗಳೆಲ್ಲ ಕೊಳೆತು ಲೋಳೆ. ಆ ಚಿಗುರು ಕಾಂಡದಲ್ಲಿ ಉಳಿದಿದ್ದ ಕೊನೇ ಆಹಾರ ಅಷ್ಟೇ. ಹೆಣದ ಮೇಲೆ ಬಂದ ಚಿಗುರು ನೋಡಿ ಕುಣಿದಿದ್ದೆ.

ಈಗ ಅದು ನೀರಿನ ಟ್ಯಾಂಕ್ ಹಿಂದೆ ಗೋಣಿಚೀಲದ ಕೆಳಗಿದೆ. ಸಂಜೆ ಮಾವ "ಹೇಗಿದೆ?" ಅನ್ನುತ್ತಾರೆ. ಚೆನ್ನಾಗಿದೆ ಮಾವ ಅನ್ನುತ್ತೇನೆ.

ಮೇ ಒಳಗೆ ಅದೇ ಥರದ ಮರ ತಂದು ಅದೇ ಕುಂಡದಲ್ಲಿ ಕೂರಿಸಬೇಕು. ಹುಚ್ಚು ಅಂತ ಗೊತ್ತು. ಕೂರಿಸಿಯೇ ತೀರುತ್ತೇನೆ.

ಫೆಬ್ರವರಿ 23, ಭಾನುವಾರ. ಸಂಜೆ 5

ಸಿಕ್ಕಿತು. ಸಿಕ್ಕಿತು!

ಊರಾಚೆ ಕೆಲಸ ನಿಂತುಹೋದ ಕಲ್ಲು ಕ್ವಾರಿ. ಗೇಟಿನ ವಾಚ್‌ಮನ್‌ನನ್ನು ಒಳಗೆ ಕಲ್ಲು ನೋಡಿಕೊಂಡು ಬರಬಹುದಾ ಎಂದು ಕೇಳಿ ನುಗ್ಗಿದೆ. ಎರಡು ಬಂಡೆಗಳ ನಡುವೆ, ಮೂರು ಗೇಣೆತ್ತರ. ಬುಡ ನನ್ನ ಎರಡು ಕೈ ಹಿಡಿತದಷ್ಟು. ಎಡಕ್ಕೇ ವಾಲಿದೆ. ಗಾಯದ ಗುಳಿ ಇಲ್ಲ, ಇರಲಿ, ಕೆತ್ತಿದರಾಯಿತು. ಮಂಡಿಯೂರಿ ಎಲೆ ಸರಿಸಿದೆ. ಕಾಂಡಕ್ಕೆ ಬಟ್ಟೆಯ ಪಟ್ಟಿ ಕಟ್ಟಿದೆ. ಬುಡದ ಒಂದು ಬದಿ ಅರ್ಧಚಂದ್ರದಂತೆ ಅಗೆದು ಮರಳು ತುಂಬಿದ ಗುರುತು.

ಕೈಗೆ ಬಂದ ತುತ್ತು...

ಮಾವನೇ ಹೇಳಿಕೊಟ್ಟದ್ದು. ಕಾಡಿನ ಮರವನ್ನು ಒಂದೇ ಏಟಿಗೆ ಕೀಳಬಾರದು. ಮೊದಲ ವರ್ಷ ಒಂದು ಬದಿಯ ಬೇರು ಕತ್ತರಿಸಿ ಮರಳು ತುಂಬಬೇಕು, ಅಲ್ಲಿ ಕೂದಲಿನಂಥ ಹೊಸ ಬೇರು ಬರುತ್ತದೆ. ಮರುವರ್ಷ ಇನ್ನೊಂದು ಬದಿ. ಮೂರನೇ ವರ್ಷ ಎತ್ತಬೇಕು. ಬೇರು ಕತ್ತರಿಸಿದವರು ಬಟ್ಟೆ ಕಟ್ಟಿ ಹೋಗುತ್ತಾರೆ. ಬಟ್ಟೆ ಕಟ್ಟಿದ ಮರವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಬರೆದಿಟ್ಟ ಕಾನೂನಲ್ಲ, ಆದರೂ ಮರ ಹುಡುಕುವವರು ಯಾರೂ ಮೀರುವುದಿಲ್ಲ.

ಮುಟ್ಟದೆ ಬಂದೆ. ಆದರೆ ಅಳತೆ ತೆಗೆದುಕೊಂಡೇ ಬಂದೆ.

ಫೆಬ್ರವರಿ 26, ಬುಧವಾರ

ಎಕ್ಸ್‌ರೇ ರೂಮಿನಲ್ಲಿ ರೋಗಿಗೆ ಉಸಿರು ಹಿಡಿಯಿರಿ ಎಂದು, ಬಿಡಿ ಅನ್ನುವುದನ್ನೇ ಮರೆತೆ. ಪಾಪ, ಆತ ಕೆಂಪಾಗಿ ಹೋದ.

ಮರ ಹುಡುಕುವ ಐದು ಜನಕ್ಕೆ ಫೋನ್ ಮಾಡಿದೆ. ಕ್ವಾರಿಯ ಮರ ಯಾರದ್ದೂ ಅಲ್ಲವಂತೆ. ಬಟ್ಟೆ ಬಿಸಿಲಿಗೆ ಬಿಳಚಿದೆ, ಕಟ್ಟಿದವರು ಮರೆತೇ ಹೋಗಿರಬೇಕು. ಇಲ್ಲವೇ ಊರು ಬಿಟ್ಟಿರಬೇಕು. ಇಷ್ಟು ದಿನ ಸುಳ್ಳು ಹೇಳಿದವಳಿಗೆ ಕಳ್ಳತನ ಎಷ್ಟು ದೂರ? ಭಾನುವಾರ ಹಾರೆ ತೆಗೆದುಕೊಂಡು ಹೋಗುತ್ತೇನೆ.

ಮಾರ್ಚ್ 2, ಭಾನುವಾರ

ಅಗೆಯಲಿಲ್ಲ.

ಮೊದಲು ಬಟ್ಟೆ ಬಿಚ್ಚೋಣ ಎಂದು ಗಂಟಿಗೆ ಕೈ ಹಾಕಿದೆ. ಹೊರಗೆಲ್ಲ ಬಿಳಚಿದ ಬಟ್ಟೆ ಗಂಟಿನೊಳಗೆ ಹಸಿರಾಗಿತ್ತು. ಹಸಿರಿನ ಮೇಲೆ ಬಿಳಿ ಚುಕ್ಕೆ. ನನ್ನ ಅಡುಗೆಮನೆಯ ಕಿಟಕಿ ಪರದೆ. ಹೋದ ವರ್ಷ ಒಗೆದು ಇಸ್ತ್ರಿಗೆ ಕೊಡಲು ಇಟ್ಟದ್ದು ಕಾಣದೆ, ಇಸ್ತ್ರಿಯವನೇ ಕಳೆದದ್ದು ಎಂದು ಅವನ ಜೊತೆ ಬೀದಿಯಲ್ಲಿ ನಿಂತು ಜಗಳ ಆಡಿದ್ದೆ. ಆಗ ಮಾವ ಅಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ತುಟಿ ಪಿಟಕ್ ಅಂದಿರಲಿಲ್ಲ.

ಬಂಡೆಯ ಮೇಲೆ ಕೂತೆ. ವಾಚ್‌ಮನ್ ನೀರಿನ ಕ್ಯಾನ್ ಹಿಡಿದು ಬಂದ. ಹೋದ ಮಾರ್ಚ್‌ನಲ್ಲಿ ಯಾರೋ ಹಿರಿಯರು ಸ್ಕೂಟರಿನಲ್ಲಿ ಬಂದು ಅರ್ಧ ದಿನ ಅಗೆದರಂತೆ. ವಾರಕ್ಕೊಂದು ಸಲ ನೀರು ಹಾಕಪ್ಪ, ಬರ್ತಾ ಇರ್ತೀನಿ ಅಂದರಂತೆ. ಜೂನ್‌ನಿಂದ ಪತ್ತೆಯಿಲ್ಲ. ಇವನು ಮಾತ್ರ ಇವತ್ತಿನ ತನಕ ನೀರು ಹಾಕುತ್ತಲೇ ಇದ್ದಾನೆ.

ಹೋದ ವಾರವೇ ಹೇಳಬಾರದಿತ್ತಾ ಎಂದೆ.

"ನೀವು ಕಲ್ಲು ನೋಡ್ಬೇಕು ಅಂದ್ರಿ."

ಬಟ್ಟೆಯನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ಮಾವನ ಮರ ಸತ್ತಿದ್ದನ್ನು ಮುಚ್ಚಿಡಲು ಮಾವನ ಮರವನ್ನೇ ಕದಿಯಲು ಹೋಗಿದ್ದೆ.

ಮಾರ್ಚ್ 5, ಬುಧವಾರ. ಸಂಜೆ 7

ಮೂರು ದಿನ ಬಟ್ಟೆ ಬ್ಯಾಗಿನಲ್ಲೇ ಇತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಇವತ್ತು ಡ್ಯೂಟಿಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಮಾವನ ಎಡಗೈಯಲ್ಲಿ ಅದನ್ನು ಇಟ್ಟುಬಿಟ್ಟೆ. ಎಲ್ಲ ಹೇಳಿದೆ. ನೀರು, ಚಿಗುರು, ಬಿಸಿಲು, ಗೋಣಿಚೀಲ.

ಮಾವ ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಗೊತ್ತು."

ಯಾವಾಗಿಂದ ಎಂದೆ.

"ನೀರು ಎಷ್ಟು ಹಾಕ್ಲಿ ಅಂತ... ದಿನಾ ಕೇಳ್ತಿದ್ದೆ ನೀನು. ಒಂದಿನ ಕೇಳೋದು ನಿಲ್ಲಿಸ್ಬಿಟ್ಟೆ."

ಮಾವನ ಮಾತು ಈಗ ಹಾಗೆ. ಒಂದೊಂದು ಪದವನ್ನೂ ಬಾವಿಯಿಂದ ಸೇದಿದ ಹಾಗೆ. ನನಗೆ ತಟ್ಟನೆ ಹೊಳೆದದ್ದು ಮೆಟ್ಟಿಲು. ಮೂರಕ್ಕೇ ಯಾಕೆ ನಿಲ್ಲಿಸುತ್ತೀರಿ, ನಿಮಗೆ ಹತ್ತಲು ಆಗುತ್ತದೆ ಅಲ್ಲವಾ ಎಂದು ಕೇಳಿದೆ.

"ಮೇಲೆ ಬಂದ್ರೆ... ನೀನು ಸಿಕ್ಕಿಹಾಕ್ಕೊಳ್ತಿದ್ದೆಯಲ್ಲಮ್ಮ."

ಅತ್ತುಬಿಟ್ಟೆ. ಅತ್ತದ್ದನ್ನು ಬರೆಯಲು ನಾಚಿಕೆ ಏನೂ ಇಲ್ಲ. ನನ್ನ ತಂದೆ ಸತ್ತಾಗಲೂ ಹೀಗೆ ಅತ್ತಿರಲಿಲ್ಲ.

ಮುಖ ತೊಳೆದು ಬಂದು, ಬರುವ ಭಾನುವಾರವೇ ಕ್ವಾರಿಯ ಮರ ತರುತ್ತೇನೆ ಎಂದೆ. ಎಡಗೈ ಅಡ್ಡ ಬಂತು. ಒಂದೇ ಬದಿ ಬೇರು ಕತ್ತರಿಸಿರುವುದು, ಈಗ ಇನ್ನೊಂದು ಬದಿ ಕತ್ತರಿಸು, ಮುಂದಿನ ಮಾರ್ಚ್‌ನಲ್ಲಿ ಎತ್ತು ಅಂದರು. ಅಷ್ಟು ದಿನ ಯಾಕೆ, ಮರ ಗಟ್ಟಿಯಾಗಿದೆ ಅಂದೆ. ಅಷ್ಟು ದಿನ ನೀವು ಇರುತ್ತೀರಾ ಎಂದು ಕೇಳಲು ಬಾಯಿ ಬರಲಿಲ್ಲ.

"ಆತುರಕ್ಕೆ ಒಂದು ಹೋಯ್ತು. ಸಾಲ್ದಾ?"

ಮಹಡಿ ಹತ್ತುವುದೂ ಆ ಮರ ಬಂದ ಮೇಲೇ ಅಂತೆ. ಖಾಲಿ ಕುಂಡ ನೋಡಲು ಯಾರು ಹತ್ತುತ್ತಾರೆ ಅಂದರು. ಹಠದಲ್ಲಿ ಮಾವನಿಗೆ ನಾನೇ ತಕ್ಕ ಸೊಸೆ.

ಮಾರ್ಚ್ 9, ಭಾನುವಾರ

ಇನ್ನೊಂದು ಬದಿ ಕತ್ತರಿಸಿದೆ. ಗರಗಸದಲ್ಲಿ, ಓರೆಯಾಗಿ, ಮಾವ ಕಾಗದದ ಮೇಲೆ ಎಡಗೈಯಲ್ಲಿ ಸೊಟ್ಟಪಟ್ಟ ಗೀಚಿಕೊಟ್ಟ ಹಾಗೇ. ಮರಳು ತುಂಬಿದೆ. ಜೋಡಿಯಲ್ಲಿ ಉಳಿದಿದ್ದ ಇನ್ನೊಂದು ಪರದೆಯನ್ನು ಹರಿದು ಹೊಸ ಪಟ್ಟಿ ಕಟ್ಟಿದೆ. ಬರುವಾಗ ಇಸ್ತ್ರಿಯವನ ಬಂಡಿ ಹತ್ತಿರ ನಿಂತು ತಪ್ಪಾಯಿತು ಎಂದೆ. ಯಾವ ಪರದೆ ಅಂದ ಅವನು. ಒಂದು ವರ್ಷ ನಾನೊಬ್ಬಳೇ ಕೋಪ ಹೊತ್ತು ತಿರುಗಿದ್ದೆ.

ಸತ್ತ ಮರವನ್ನು ಮಾವ ಕೆಳಗೆ ತರಿಸಿಕೊಂಡರು. ಈಗ ಮಂಚದ ಪಕ್ಕ ಕನ್ನಡಕ ನೇತುಹಾಕಲು ಬಳಕೆಯಾಗುತ್ತಿದೆ.

ಜುಲೈ 22, ಮಂಗಳವಾರ

ಎರಡನೇ ಸ್ಟ್ರೋಕ್. ಅದೇ ಬಲಗಡೆ.

ಸ್ಕ್ಯಾನ್ ನಮ್ಮ ವಿಭಾಗದಲ್ಲೇ ಆಯಿತು. ಮನೆಯವರದ್ದು ನೀನು ಮಾಡಬೇಡ ಎಂದು ಜೊತೆ ಕೆಲಸದವರು ಅಂದರು. ಹೊರಗೆ ಬೆಂಚಿನ ಮೇಲೆ ಕೂತೆ.

ಜುಲೈ 30

ಹಾಸಿಗೆಯಿಂದ ಏಳಲು ಆಗುತ್ತಿಲ್ಲ. ಹದಿನಾಲ್ಕೂ ಹತ್ತುವ ಕಾಲು ಇದ್ದಾಗ ನನಗಾಗಿ ಮೂರಕ್ಕೇ ನಿಂತರು. ಈಗ ನಿಜವಾಗಿಯೂ ಒಂದೂ ಆಗದು. ನನ್ನ ಸುಳ್ಳು ತಿಂದದ್ದು ಮರವನ್ನಲ್ಲ.

ಅಕ್ಟೋಬರ್ 5, ಭಾನುವಾರ

ಎದ್ದು ಕೂತಿದ್ದಾರೆ. ಬೈಯುತ್ತಲೂ ಇದ್ದಾರೆ. ಒಳ್ಳೆಯ ಲಕ್ಷಣ.

ದಿನಾ ಬೆಳಿಗ್ಗೆ ಐದೂವರೆಗೆ, ಡ್ಯೂಟಿಗೆ ಹೋಗುವ ಮುಂಚೆ, ನಾನೇ ಕಾಲಿನ ವ್ಯಾಯಾಮ ಮಾಡಿಸುತ್ತೇನೆ. ಫಿಸಿಯೋ ಹುಡುಗಿಗೆ ನೂರಾರು ಮನೆ, ನನಗೆ ಒಂದೇ ಕಾಲು. ಮಾವ ಸಾಕು ಅಂದರೆ ಇನ್ನೂ ಹತ್ತು ಅನ್ನುತ್ತೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ ಎಂದು ಗೊಣಗಿದರು. ಆ ಗಾದೆ ಮಾಡಿದವನು ಬೋನ್ಸಾಯ್ ನೋಡಿರಲಿಲ್ಲ ಎಂದು ಹೇಳುತ್ತಿದ್ದವರು ಯಾರು ಎಂದೆ. ಬಾಯಿ ಮುಚ್ಚಿ ಕಾಲೆತ್ತಿದರು.

ಮಾರ್ಚ್ 1, ಭಾನುವಾರ. ರಾತ್ರಿ 8

ಎತ್ತಿದೆವು.

ಮಾವನೂ ಬಂದರು. ಮನೆಯೊಳಗೆ ಮತ್ತೆ ಕೋಲು ಹಿಡಿದು ನಡೆಯುತ್ತಾರೆ, ಕಲ್ಲಿನ ದಾರಿಯಲ್ಲಿ ಆಗದು. ಗೂಡ್ಸ್ ಗಾಡಿಯ ಮುಂದಿನ ಸೀಟು, ಅಲ್ಲಿಂದ ಪ್ಲಾಸ್ಟಿಕ್ ಕುರ್ಚಿ. ಇವರೂ ವಾಚ್‌ಮನ್ನೂ ಕುರ್ಚಿ ಸಮೇತ ಹೊತ್ತು ಬಂಡೆಯ ಹತ್ತಿರ ಇಳಿಸಿದರು. ಮರಳು ಸರಿಸಿದರೆ ಎರಡೂ ಬದಿ ಬಿಳೀ ಬೇರು, ಮಗುವಿನ ತಲೆಗೂದಲಿನ ಹಾಗೆ. ತಾಯಿಬೇರು ಒಂದೇ ಬಾಕಿ. ಗರಗಸ ಇಟ್ಟೆ. ಕೈ ಓಡಲಿಲ್ಲ. ಮಾವ ಕೋಲಿನ ತುದಿಯಿಂದ ಜಾಗ ತೋರಿಸಿದರು, ನಾನು ಇಟ್ಟದ್ದಕ್ಕಿಂತ ಎರಡು ಬೆರಳು ಕೆಳಗೆ. ಕತ್ತರಿಸಿದೆ. ಮರ ಒಮ್ಮೆ ನಡುಗಿ ನನ್ನ ತೋಳಿಗೆ ಬಂತು. ಒದ್ದೆ ಗೋಣಿ ಸುತ್ತಿ ಮಾವನ ತೊಡೆಯ ಮೇಲೆ ಇಟ್ಟೆವು. ದಾರಿಯುದ್ದಕ್ಕೂ ಆ ಸೋತ ಬಲಗೈ ಅದರ ಮೇಲೇ ಇತ್ತು.

ಈಗ ತಾರಸಿಯಲ್ಲಿ, ನೆರಳುಬಲೆಯ ಕೆಳಗೆ. ಬೇರಿಗೆ ಭಾರ ಬೀಳದಿರಲಿ ಎಂದು ಎಲೆ ಎಲ್ಲ ಕತ್ತರಿಸಿದ್ದೇನೆ. ಹಳೇ ಕುಂಡದಲ್ಲಿ ಇಡಲಿಲ್ಲ. ಇದು ಬೇರೆ ಮರ.

ಮಾರ್ಚ್ 19, ಗುರುವಾರ

ಚಿಗುರು. ಕೊಂಬೆ ಕೊಂಬೆಗೂ. ಕುಣಿಯಲಿಲ್ಲ. ಕೆಳಗೆ ಬಂದು ಮಾವನಿಗೆ ಹೇಳಿದೆ.

"ಚಿಗುರು ನಂಬ್ಬೇಡ. ನಿದ್ದೆ ಮಾಡುತ್ತಾ ನೋಡು."

ಹುಣಸೆ ಸಂಜೆಯಾದರೆ ಎಲೆ ಮಡಚುತ್ತದೆ. ಬೇರು ನೀರು ಕುಡಿಯುತ್ತಿದ್ದರೆ ಮಾತ್ರ ಮಡಚಿ ತೆರೆಯುವ ಕಸುವು ಇರುತ್ತದೆ ಅನ್ನುತ್ತಾರೆ ಮಾವ. ಆರೂವರೆಗೆ ಹೋಗಿ ನೋಡಿದೆ. ಎಲೆಗಳು ಬಾಯಿ ಬಿಟ್ಟುಕೊಂಡು ಜೋತಿದ್ದವು. ನೆರಳಿನಿಂದ ಕದಲಿಸಲಿಲ್ಲ. ಗೊಬ್ಬರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಇವರಿಗೆ ಕೊಟ್ಟೆ. ನನ್ನನ್ನು ನನಗೇ ನಂಬಲಾಗದು.

ಮಾರ್ಚ್ 28

ಮಡಚಿಲ್ಲ. ಮಾವ: ಐದು ಮೆಟ್ಟಿಲು.

ಏಪ್ರಿಲ್ 6, ಸೋಮವಾರ

ಮಡಚಿಲ್ಲ. ಎರಡು ಕೊಂಬೆಯ ಚಿಗುರು ಉದುರಿದೆ. ಮಾವ ಒಂಬತ್ತು ಹತ್ತಿ ಅಲ್ಲೇ ಕೂತುಬಿಟ್ಟರು, ಇವರು ಹೊತ್ತು ಇಳಿಸಬೇಕಾಯಿತು. ಬೇಡ ಮಾವ, ಮರ ಉಳಿಯುತ್ತದೋ ಇಲ್ಲವೋ ಎಂದೆ. ಮರಕ್ಕೂ ನನಗೂ ಪಂದ್ಯ ಬಿದ್ದಿದೆ, ನಡುವೆ ಬಾಯಿ ಹಾಕಬೇಡ ಅಂದರು.

ನಾಳೆ ಐದೂವರೆಗೆ ಮತ್ತೆ ವ್ಯಾಯಾಮ.

ಏಪ್ರಿಲ್ 17, ಶುಕ್ರವಾರ. ಸಂಜೆ 6.20

ತಾರಸಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗಿನಿಂದ ಕೋಲಿನ ಸದ್ದು. ಮಾವ ಹೊರಟಿದ್ದಾರೆ, ಹಿಂದೆ ಇವರು ಎರಡೂ ಕೈ ಚಾಚಿಕೊಂಡು. ನೀನು ಮರ ನೋಡು, ನನ್ನನ್ನು ನೋಡಬೇಡ ಎಂದು ಅಪ್ಪಣೆಯಾಗಿದೆ. ಎದ್ದು ಹೋಗಿ ಕೈ ಹಿಡಿಯಬಾರದು ಎಂದು ಪೆನ್ನು ಹಿಡಿದಿದ್ದೇನೆ.

ಆರು. ಏಳು.

ನಿಂತರು. ಉಸಿರು ಇಲ್ಲಿಗೇ ಕೇಳುತ್ತಿದೆ. ಹಿಡಿಯಿರಿ, ಬಿಡಿ...

ಎಂಟು. ಒಂಬತ್ತು. ಮೊನ್ನೆ ಕೂತದ್ದು ಇಲ್ಲೇ.

ಹತ್ತು.

ಎಡಗಡೆಯ ಕೆಳಕೊಂಬೆ, ತುದಿಯ ಎಲೆ. ಗಾಳಿಯಾ? ಗಾಳಿ ಇಲ್ಲ. ಎರಡು ಸಾಲೂ ಹತ್ತಿರ ಬರುತ್ತಿವೆ. ಪಕ್ಕದ್ದೂ.

ಹನ್ನೆರಡು. ಮಡಚುತ್ತಿದೆ. ಮಾವ, ಮಡಚುತ್ತಿದೆ, ನಿಧಾನ, ಆತುರ ಬೇಡ, ನೀವು ಬರುವ ತನಕ

ಹದಿಮೂರು