ಚೌಕಳಿ ಅಂಗಿಯ ತೋಳು

ತಾರೀಖು ಹನ್ನೊಂದು, ಭಾನುವಾರ,
ಮಧ್ಯಾಹ್ನ ಊಟ ಆದ ಮೇಲೆ

ಅಕ್ಕಾ,

ನಾವೆಲ್ಲ ಚೆನ್ನಾಗಿದ್ದೀವಿ. ನಾವೆಲ್ಲ ಅಂದರೆ ನಾನು ಮತ್ತೆ ನಿನ್ನ ಕಾರು. ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನ ಆಯಿತು, ಇವನು ಉತ್ತರ ಬರೆಯಲಿಲ್ಲ ಅಂತ ಬೈಕೋಬೇಡ. ಮೂರು ಸಲ ಕೂತೆ. ಒಂದು ಸಲ ಪೆನ್ನು ಕೈಕೊಟ್ಟಿತು. ಇನ್ನೊಂದು ಸಲ ಬರೆದದ್ದು ಓದಿ ನನಗೇ ಅಳು ಬಂತು, ಹರಿದು ಹಾಕಿದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದು. ಬೈಂಡಿಂಗ್ ಅಂಗಡಿಯಲ್ಲಿ ದಿನಾ ಊರವರ ಪುಸ್ತಕ ಹೊಲೀತೀನಿ, ಒಂದನ್ನೂ ಬಿಡಿಸಿ ಓದಿದ್ದಿಲ್ಲ.

ನೀನು ಬರೆದಿದ್ದೆಯಲ್ಲ, "ಆ ಕಾರು ಇನ್ನೂ ಇದೆಯೇನೋ? ಸ್ಟಾರ್ಟ್ ಆದರೆ ಹೇಳು, ರಜಾ ಹಾಕಿ ಬಂದು ಒಂದು ಸುತ್ತು ಹೊಡೀತೀನಿ" ಅಂತ. ಆ ಸಾಲಿನ ಮೇಲೆ ಬೆರಳಿಟ್ಟು ಇಟ್ಟು ಶಾಯಿ ಮಾಸಿದೆ. ಕಾರು ಸ್ಟಾರ್ಟ್ ಆದರೆ ಅಕ್ಕ ಬರ್ತಾಳೆ. ಆಗದಿದ್ದರೆ? ಈ ಯೋಚನೆ ತಲೆಗೆ ಹೊಕ್ಕಿತು. ಮಾರನೇ ದಿನವೇ ಗ್ಯಾರೇಜ್ ಮೇಸ್ತ್ರಿಯನ್ನು ಕರೆತಂದೆ. ಹಳೇ ಕಾರಿನ ಇಂಜಿನ್ ಅಂದರೆ ಈ ಕಡೆ ಎಲ್ಲರೂ ಅವರ ಹತ್ತಿರವೇ ಹೋಗೋದು. ಬಾಯಿ ಜೋರು, ಕೈ ಮೆತ್ತಗೆ.

ಅದಕ್ಕೆ ಮೊದಲು ಒಂದು ವಿಷಯ ಹೇಳಿಬಿಡ್ತೀನಿ, ಒಂಬತ್ತು ವರ್ಷದಿಂದ ಮುಚ್ಚಿಟ್ಟಿದ್ದೀನಿ. ಹೊಸ ಕೆಲಸ ಹೇಗಿದೆ ನೋಡಿಕೊಂಡು ಹದಿನೈದು ದಿನದಲ್ಲಿ ಬರ್ತೀನಿ ಅಂತ ನೀನು ಹೊರಟೆಯಲ್ಲ, ಹದಿನಾಲ್ಕನೇ ದಿನ ನಾನು ಕಾರು ಒರೆಸೋಕೆ ಹೋದೆ. ನೀನು ಬರೋ ಹೊತ್ತಿಗೆ ಥಳಥಳ ಅನ್ನಲಿ ಅಂತ. ಬಾನೆಟ್ ಎತ್ತಿದರೆ ಬ್ಯಾಟರಿನೇ ಇಲ್ಲ! ಎರಡು ವೈರು ನೇತಾಡ್ತಿವೆ. ಕಳ್ಳತನ ಆಗಿದೆ, ಅಕ್ಕ ಬಂದರೆ ನನ್ನ ಸಿಗಿದು ಹಾಕ್ತಾಳೆ ಅಂತ ಬಾನೆಟ್ ಮುಚ್ಚಿದವನು ಮತ್ತೆ ತೆಗೆಯಲಿಲ್ಲ. ಶೆಡ್ಡಿಗೆ ಎರಡು ಬೀಗ ಹಾಕಿದೆ. ಅದೇ ಹೊತ್ತಿಗೆ ನನ್ನ ನೀಲಿ ಚೌಕಳಿ ಅಂಗಿಯೂ ಕಾಣೆ. ಎರಡೂ ಪಕ್ಕದ ಮನೆ ಟೈಲರದೇ ಕೆಲಸ ಅಂತ ತೀರ್ಮಾನ ಮಾಡಿಬಿಟ್ಟೆ. ಒಂಬತ್ತು ವರ್ಷ ಆ ಮನುಷ್ಯನ ಜೊತೆ ಮಾತಾಡಿಲ್ಲ ಅಕ್ಕಾ. ಪ್ಯಾಂಟಿನ ಅಂಚು ಹೊಲಿಸೋಕೂ ಎರಡು ಬೀದಿ ದಾಟಿ ಹೋಗ್ತಿದ್ದೆ.

ಮೇಸ್ತ್ರಿ ಆ ವೈರು ಹಿಡಿದು ನೋಡಿದರು. "ಕಳ್ಳ ಆದರೆ ಕತ್ತರಿಸಿಕೊಂಡು ಓಡ್ತಿದ್ದ. ಇದು ಸ್ಪ್ಯಾನರ್ ಹಾಕಿ ಬಿಚ್ಚಿರೋದು, ತುದಿಗೆ ಗ್ರೀಸ್ ಬೇರೆ ಸವರಿದ್ದಾರೆ. ಹುಡುಕಿ ಯಜಮಾನ್ರೇ, ಇಲ್ಲೇ ಎಲ್ಲೋ ಇರುತ್ತೆ." ಹುಡುಕಿದರೆ ಶೆಡ್ಡಿನ ಮೂಲೆಯಲ್ಲಿ, ಹಳೇ ಟಯರಿನ ಹಿಂದೆ, ಹಲಗೆ ಮೇಲೆ ಗೋಣಿಚೀಲ ಸುತ್ತಿಕೊಂಡು ಕೂತಿದೆ! ನೀನೇ ಇಟ್ಟಿದ್ದು. ಈಗ ಅದು ಕೆಲಸಕ್ಕೆ ಬಾರದು, ಆದರೂ ತಬ್ಬಿಕೊಳ್ಳೋದೊಂದು ಬಾಕಿ. ಸಂಜೆ ಟೈಲರ್ ಹತ್ತಿರ ಹೋಗಿ ಕೈ ಮುಗಿದೆ. ಅವರು ಕನ್ನಡಕ ಏರಿಸಿ, "ಮಾತು ಬಿಟ್ಟಿದ್ರಾ? ಪಾಪ, ನಿಮಗೆ ಕಿವಿ ಮಂದ ಅಂದುಕೊಂಡಿದ್ದೆನಲ್ಲ!" ಅಂದರು.

ಕೀಲಿ ಹಾಕಿ ತಿರುಗಿಸಿದರಾಯಿತು ಅಂತ ನನ್ನ ಲೆಕ್ಕ. ಮೇಸ್ತ್ರಿ ಗದರಿದರು. "ಒಂಬತ್ತು ವರ್ಷ ಮಲಗಿದವರನ್ನ ರಪ್ಪಂತ ಎಬ್ಬಿಸ್ತಾರೇನ್ರೀ? ಒಳಗೆಲ್ಲ ಗೀಚಿ ಹಾಳಾಗುತ್ತೆ." ನಾಲ್ಕು ಸ್ಪಾರ್ಕ್ ಪ್ಲಗ್ಗೂ ಬಿಚ್ಚಿದರು. ತುಕ್ಕು ಹಿಡಿದಿದ್ದರೆ ಏನು ಗತಿ ಅಂತ ನಾನು ಗೋಡೆ ಕಡೆ ತಿರುಗಿ ನಿಂತೆ. ಅವರು ಟಾರ್ಚ್ ಬಿಟ್ಟು ನೋಡಿ, ಪ್ಲಗ್ ತುದಿ ಮೂಸಿ, "ಅರೆ, ಇಂಜಿನ್ ಒಳಗೆ ಮೊದಲೇ ಎಣ್ಣೆ ಬಿಟ್ಟಿದ್ದಾರೆ. ಚೂರೂ ತುಕ್ಕಿಲ್ಲ. ಪೆಟ್ರೋಲ್ ಟ್ಯಾಂಕೂ ಬರಿದು ಮಾಡಿದ್ದಾರೆ. ಯಾರ್ರೀ ಇದನ್ನ ನಿಲ್ಲಿಸಿದ್ದು?" ಅಂದರು.

"ನಮ್ಮಕ್ಕ" ಅಂದೆ, ಎದೆ ಉಬ್ಬಿಸಿಕೊಂಡು.

"ನನ್ನ ಕೈಗಿಂತ ಚೊಕ್ಕ."

ಅಷ್ಟು ಸುಲಭಕ್ಕೆ ಯಾರನ್ನೂ ಹೊಗಳೋ ಮನುಷ್ಯ ಅಲ್ಲ ಅವರು.

ಹಿಂದೆ ಸೈಲೆನ್ಸರ್ ಕೊಳವೆಗೆ ಬಟ್ಟೆ ತುರುಕಿತ್ತು, ಇಲಿ ಹೋಗದ ಹಾಗೆ. ಎಳೆದರೆ ನನ್ನ ನೀಲಿ ಚೌಕಳಿ ಅಂಗಿಯ ತೋಳು! ಮೇಸ್ತ್ರಿ ನಕ್ಕು ನಕ್ಕು ನೆಲದ ಮೇಲೇ ಕೂತುಬಿಟ್ಟರು. ನಾನೂ ನಕ್ಕೆ.

ಆಮೇಲೆ ಪ್ಲಗ್ಗಿನ ತೂತಿಗೆ ಒಂದೊಂದು ಚಮಚ ಹೊಸ ಎಣ್ಣೆ ಬಿಟ್ಟು ಎರಡು ದಿನ ನೆನೆಸಿದೆವು. ಇಂಜಿನ್ನನ್ನು ಮೊದಲು ಕೈಯಲ್ಲೇ ತಿರುಗಿಸಬೇಕಂತೆ. ಸ್ಪ್ಯಾನರ್ ನನ್ನ ಕೈಗೇ ಕೊಟ್ಟು, "ಮೆಲ್ಲಗೆ, ಉಸಿರು ಬಿಡಿ" ಅಂದರು. ಬಂಡೆ ಹಾಗೆ ನಿಂತಿತ್ತು. ಆಮೇಲೆ ಕೂದಲೆಳೆಯಷ್ಟು ಅಲುಗಿತು ಅಕ್ಕಾ. ಮುಂಚೆ ನೀನು ಮಗ್ಗುಲು ಬದಲಿಸಿದರೆ ಗೋಡೆ ಆಚೆಯಿಂದ ಮಂಚ ಕಿರ್ ಅನ್ನೋದು, ಅದು ಕೇಳಿದ ಮೇಲೇ ನನಗೆ ನಿದ್ದೆ. ಅಂಥದೇ ಸದ್ದು. ಈಗ ಇಂಜಿನ್ ಆಯಿಲ್, ಫಿಲ್ಟರ್, ರಬ್ಬರ್ ಪೈಪು, ಬ್ಯಾಟರಿ ಎಲ್ಲಾ ಹೊಸದು. ಪ್ಲಗ್ ಇಲ್ಲದೇ ಸೆಲ್ಫ್ ಹೊಡೆದು ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರೋದನ್ನೂ ನೋಡಿದೆವು, ಆರಿದರೆ ಎಣ್ಣೆ ಒಳಗೆಲ್ಲ ಹರಿದಿದೆ ಅಂತ ಲೆಕ್ಕವಂತೆ. ಪ್ಲಗ್ ಹಾಕಿ, ಪೆಟ್ರೋಲ್ ಬಿಟ್ಟು, ಕೀಲಿ ತಿರುಗಿಸೋದೊಂದೇ ಬಾಕಿ. ಆಗ ನಾನು ಮೇಸ್ತ್ರಿ ಕೈ ಹಿಡಿದುಕೊಂಡೆ. "ಬೇಡಿ. ಅಕ್ಕ ಬಂದು ತಿರುಗಿಸಲಿ."

"ಸ್ಟಾರ್ಟ್ ಆಗಲ್ಲ ಅನ್ನೋ ಭಯಾನಾ, ಆಗಿಬಿಟ್ಟರೆ ಅನ್ನೋ ಭಯಾನಾ?" ಅಂತ ಕೇಳಿದರು. ನಾನು ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದೆ.

ಡ್ರೈವರ್ ಸೀಟು ನೀನು ಬಿಟ್ಟಷ್ಟೇ ಮುಂದಕ್ಕಿತ್ತು. ಮೇಸ್ತ್ರಿ ಕೂರೋಕೆ ಹಿಂದಕ್ಕೆ ಸರಿಸಿದರು. ಅವರು ಹೋದ ಮೇಲೆ ಇದ್ದ ಜಾಗಕ್ಕೇ ತಂದಿಟ್ಟಿದ್ದೀನಿ.

ನಿಮ್ಮ ಮದುವೆಗೆ ನಾನು ಬರಲಿಲ್ಲ ಅಂತ ಭಾವನಿಗೆ ಇನ್ನೂ ಕೋಪ ಇದೆಯಾ? ನನ್ನದೇ ತಪ್ಪು, ನಮಸ್ಕಾರ ತಿಳಿಸು. ಮಗುವಿಗೆ ಆಶೀರ್ವಾದ. ಚೆನ್ನಾಗಿ ಬಾಳಲಿ, ಎಲ್ಲದರಲ್ಲೂ ನಿನ್ನ ಹಾಗಾಗಲಿ, ಮಾಮನ ಹಾಗೆ ಬೇಡ.

ನೀನಿಟ್ಟ ಹೆಸರು ಇನ್ನೂ ಉಳಿಸಿಕೊಂಡಿರೋ
ನಿನ್ನ ಗಾಬರಿರಾಯ

ಇನ್ನೊಂದು ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ. ಹೋಗುವಾಗ ಮೇಸ್ತ್ರಿ ಕೈ ಒರೆಸಿಕೊಳ್ತಾ, "ಎಷ್ಟು ವರ್ಷಕ್ಕೆ ಅಂತ ಹೋಗಿದ್ದರು ನಿಮ್ಮಕ್ಕ?" ಅಂದರು. "ಹದಿನೈದು ದಿನಕ್ಕೆ" ಅಂದೆ. ಅವರು ನನ್ನ ಮುಖ ನೋಡಿ ತಲೆ ತಗ್ಗಿಸಿದರು. "ಹದಿನೈದು ದಿನಕ್ಕೆ ಹೋಗೋರು ಟ್ಯಾಂಕ್ ಬರಿದು ಮಾಡಲ್ಲ ಯಜಮಾನ್ರೇ. ಒಳಗೆ ಎಣ್ಣೆ ಬಿಡಲ್ಲ." ಅಷ್ಟು ಮೆಲ್ಲಗೆ ಅವರು ಮಾತಾಡಿದ್ದು ನಾನು ಕೇಳೇ ಇರಲಿಲ್ಲ.

ಹೊರಡುವಾಗಲೇ ನಿನಗೆ ಗೊತ್ತಿತ್ತಲ್ಲ ಅಕ್ಕಾ. ಕಾರಿಗೆ ಹೇಳಿ ಹೋದೆ, ನನಗೆ ಹೇಳಲಿಲ್ಲ. ಹೇಳಿದ್ದರೆ ನಾನು ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ, ಅದೂ ನಿಜ. ಅದಕ್ಕೇ ಯಾಕೆ ಅಂತ ಕೇಳಲ್ಲ. ಈ ಸಲ ಎರಡು ದಿನಕ್ಕೆ ಬರೋದಾದರೆ ಎರಡೇ ದಿನ ಅಂತ ಬರೆ. ನೀನು ಹೊರಟ ಮೇಲೆ ಎಣ್ಣೆ ನಾನೇ ಬಿಡ್ತೀನಿ, ಕಲಿತುಕೊಂಡಿದ್ದೀನಿ. ಕೊಳವೆಗೆ ತುರುಕೋಕೆ ಅಂಗಿ ಬೇಕಾದರೆ ಕೇಳು. ಕೊಡ್ತೀನಿ.